ಕಿಡ್ನಿ ಕಲ್ಲಿಗೆ ಯಾವ ಆಪರೇಶನ್? ಮೊದಲು ರಿಪೋರ್ಟ್ ಓದೋಣ

ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆಯಿಂದ ಕಿಡ್ನಿ ಕಲ್ಲು ತೋರಿಸಿಕೊಳ್ಳಲು ಮೈಸೂರಿಗೆ ಬರುವವರ ಬಾಯಲ್ಲಿ ಮೊದಲು ಬರುವ ಮಾತು "ಸಾರ್, ಲೇಸರ್‌ನಲ್ಲೇ ಆಗುತ್ತಾ?" ಅನ್ನುವುದು. ಪಕ್ಕದ ಮನೆಯವರಿಗೆ ಲೇಸರ್ ಮಾಡಿದ್ದರು, ಮಾರನೇ ದಿನವೇ ಮನೆಗೆ ಬಂದರು, ನಮಗೂ ಅದನ್ನೇ ಮಾಡಿ ಅನ್ನುವ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಪಕ್ಕದ ಮನೆಯವರ ಕಲ್ಲು ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ಎಷ್ಟು ಗಟ್ಟಿಯಿತ್ತು ಅಂತ ನಮಗೆ ಗೊತ್ತಿರುವುದಿಲ್ಲ. ಯಾವ ಆಪರೇಶನ್ ಅಂತ ತೀರ್ಮಾನವಾಗುವುದು ಇವುಗಳಿಂದಲೇ. ಲೇಸರ್ ಕಲ್ಲು ಒಡೆಯುವ ಸಾಧನ ಅಷ್ಟೇ. ಅದನ್ನು ಯಾವ ದಾರಿಯಲ್ಲಿ ಕಲ್ಲಿನ ಹತ್ತಿರ ಒಯ್ಯುತ್ತಾರೆ ಅನ್ನುವುದು ಮುಖ್ಯ. ಮೈಮೇಲೆ ಗಾಯ ಇರುತ್ತಾ, ಎಷ್ಟು ದಿನ ಮಲಗಬೇಕು, ಮತ್ತೆ ಬರಬೇಕಾ ಅನ್ನುವುದೆಲ್ಲ ಆ ದಾರಿಯ ಮೇಲೆ ನಿಂತಿದೆ.

ಹಾಗಾಗಿ ರಿಪೋರ್ಟ್‌ನಿಂದಲೇ ಶುರು ಮಾಡೋಣ. ಒಂದು ಸಿಟಿ ಸ್ಕ್ಯಾನ್ ರಿಪೋರ್ಟ್ ಹೀಗಿದೆ ಅಂದುಕೊಳ್ಳಿ: ಎಡ ಕಿಡ್ನಿ, ಲೋವರ್ ಕ್ಯಾಲಿಕ್ಸ್, 14 ಎಂಎಂ ಕ್ಯಾಲ್ಕ್ಯುಲಸ್, 1250 ಎಚ್‌ಯು, ಮೈಲ್ಡ್ ಹೈಡ್ರೋನೆಫ್ರೋಸಿಸ್.

ಕ್ಯಾಲ್ಕ್ಯುಲಸ್ ಅಂದರೆ ಕಲ್ಲು. 14 ಎಂಎಂ ಅದರ ಅಳತೆ, ಅಂದರೆ ಸುಮಾರು ಒಂದೂವರೆ ಸೆಂಟಿಮೀಟರ್. ಲೋವರ್ ಕ್ಯಾಲಿಕ್ಸ್ ಅಂದರೆ ಕಿಡ್ನಿಯೊಳಗೆ ಮೂತ್ರ ಸೇರುವ ಪುಟ್ಟ ಪುಟ್ಟ ಕೋಣೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು. ಇಲ್ಲಿ ಕೂತ ಕಲ್ಲು ತೊಂದರೆಯ ಗಿರಾಕಿ. ಒಡೆದು ಪುಡಿ ಮಾಡಿದರೂ ಆ ಪುಡಿ ಮೇಲಕ್ಕೆ ಹತ್ತಿ ಹೊರಗೆ ಬರಬೇಕು. ಎಷ್ಟೋ ಸಲ ಅಲ್ಲೇ ಉಳಿದುಬಿಡುತ್ತದೆ. ಎಚ್‌ಯು ಅನ್ನುವುದು ಸಿಟಿ ಸ್ಕ್ಯಾನ್‌ನಲ್ಲಿ ಕಾಣುವ ಸಾಂದ್ರತೆಯ ಅಳತೆ. 1000ಕ್ಕಿಂತ ಜಾಸ್ತಿ ಇದ್ದರೆ ಕಲ್ಲು ಗಟ್ಟಿ ಅಂತ ಲೆಕ್ಕ. ಕೊನೆಯ ಪದ, ಹೈಡ್ರೋನೆಫ್ರೋಸಿಸ್, ಎಲ್ಲಕ್ಕಿಂತ ಮುಖ್ಯ. ಮೂತ್ರ ಸರಾಗವಾಗಿ ಇಳಿಯದೆ ಹಿಂದೆ ನಿಂತು ಕಿಡ್ನಿ ಊದಿಕೊಂಡಿದೆ ಅಂತ ಅದರ ಅರ್ಥ. ಮೈಲ್ಡ್ ಅಂದರೆ ಸ್ವಲ್ಪ. ಸಿವಿಯರ್ ಅಂತ ಬರೆದಿದ್ದರೆ ಕಾಯುವ ಹಾಗಿಲ್ಲ.

ಊರಿನ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಹೊಟ್ಟೆಗೆ ಜೆಲ್ ಹಚ್ಚಿ ಮಾಡುವುದು ಅಲ್ಟ್ರಾಸೌಂಡ್. ಕಲ್ಲಿದೆಯಾ, ಊತ ಇದೆಯಾ ಅಂತ ಮೊದಲು ನೋಡುವುದಕ್ಕೆ ಅದು ಸಾಕು. ಆಪರೇಶನ್ ತನಕ ಮಾತು ಬಂದಾಗ ಸಿಟಿ ಬೇಕಾಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಅಳತೆ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ, ಮೂತ್ರನಾಳದ ಮಧ್ಯದಲ್ಲಿ ಸಿಕ್ಕಿಕೊಂಡ ಕಲ್ಲು ಕಾಣದೇ ಹೋಗಬಹುದು, ಗಟ್ಟಿತನವಂತೂ ತಿಳಿಯುವುದೇ ಇಲ್ಲ. "ಆಗಲೇ ಸ್ಕ್ಯಾನ್ ಆಗಿದೆಯಲ್ಲ, ಸುಮ್ನೆ ಇನ್ನೊಂದು ಯಾಕೆ ಬರೆದರು?" ಅಂತ ಅನುಮಾನ ಪಡುವವರು ಬಹಳ. ಇದು ಸುಮ್ನೆ ಬರೆಯುವ ಟೆಸ್ಟ್ ಅಲ್ಲ.

ಆಪರೇಶನ್ನೇ ಬೇಡದ ಕಲ್ಲು

ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಒಳಗಿನ ಅಗಲ ಬರೀ 3–4 ಎಂಎಂ. ಅದರಲ್ಲೂ ಮೂರು ಕಡೆ ಇನ್ನಷ್ಟು ಕಿರಿದು: ಕಿಡ್ನಿಯಿಂದ ಹೊರಡುವ ಜಾಗ, ಸೊಂಟದ ದೊಡ್ಡ ರಕ್ತನಾಳವನ್ನು ದಾಟುವ ಜಾಗ, ಮೂತ್ರಕೋಶದೊಳಗೆ ತೂರುವ ಜಾಗ. ಕಲ್ಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಪಕ್ಕೆಯಲ್ಲಿ ಶುರುವಾಗಿ ತೊಡೆಸಂದಿಗೆ ಇಳಿಯುವ, ಕೂತರೂ ನಿಂತರೂ ತಡೆಯಲಾಗದ ಆ ನೋವು ಬರುವುದೂ ಆಗಲೇ.

ಆದರೂ 5 ಎಂಎಂ ಒಳಗಿನ ಕಲ್ಲುಗಳಲ್ಲಿ ಮೂರರಲ್ಲಿ ಎರಡು ಭಾಗ ತಾವಾಗಿಯೇ ಮೂತ್ರದಲ್ಲಿ ಹೋಗುತ್ತವೆ. 5ರಿಂದ 10 ಎಂಎಂ ಇದ್ದರೆ ಹೆಚ್ಚುಕಮ್ಮಿ ಅರ್ಧದಷ್ಟು. ಜ್ವರ ಇಲ್ಲ, ನೋವು ಮಾತ್ರೆಗೆ ಬಗ್ಗುತ್ತಿದೆ, ಕಿಡ್ನಿ ಚೆನ್ನಾಗಿದೆ ಅಂದರೆ ನಾಲ್ಕರಿಂದ ಆರು ವಾರ ಕಾದು ನೋಡಬಹುದು. ನಾಳದ ಕೆಳಗಿನ ಭಾಗದಲ್ಲಿರುವ, 5 ಎಂಎಂಗಿಂತ ಸ್ವಲ್ಪ ದೊಡ್ಡ ಕಲ್ಲಿಗೆ ನಾಳ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಬರೆಯುತ್ತಾರೆ.

ನಮ್ಮ ಕಡೆ ಬಾಳೆದಿಂಡಿನ ರಸ, ಹುರುಳಿಕಟ್ಟು, ಕಾಡುಬಸಳೆ ಎಲೆ ಅಂತ ಇದ್ದೇ ಇದೆ. 4 ಎಂಎಂ ಕಲ್ಲು ಬಾಳೆದಿಂಡು ಕುಡಿದ ಮೇಲೆ ಬಿದ್ದುಹೋಯಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅಷ್ಟು ಸಣ್ಣ ಕಲ್ಲು ಬರೀ ನೀರು ಕುಡಿದರೂ ಬೀಳುವ ಸಾಧ್ಯತೆಯೇ ಜಾಸ್ತಿ. ಆದರೆ ಅದೇ ನಂಬಿಕೆಯಲ್ಲಿ 15 ಎಂಎಂ ಕಲ್ಲು ಇಟ್ಟುಕೊಂಡು ವರ್ಷಗಟ್ಟಲೆ ಕಾಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಲ್ಲುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕ್ಯಾಲ್ಸಿಯಂ ಕಲ್ಲುಗಳು, ಅದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್. ಅದನ್ನು ಕರಗಿಸುವ ಔಷಧ ಯಾವ ಪದ್ಧತಿಯಲ್ಲೂ ಸಾಬೀತಾಗಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನೋವು ನಿಂತಿತು ಅಂದರೆ ಕಲ್ಲು ಹೋಯಿತು ಅಂತಲ್ಲ. ನಾಳ ಪೂರ್ತಿ ಕಟ್ಟಿಕೊಂಡು, ಕಿಡ್ನಿ ಮೂತ್ರ ಮಾಡುವುದನ್ನೇ ಕಮ್ಮಿ ಮಾಡಿದಾಗಲೂ ನೋವು ಇಳಿಯುತ್ತದೆ. ಹಾಗೆ ತಿಂಗಳುಗಟ್ಟಲೆ ಬಿಟ್ಟರೆ ಆ ಕಡೆಯ ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ. ಕಲ್ಲು ಬಿದ್ದದ್ದನ್ನು ಕಣ್ಣಾರೆ ಕಂಡಿಲ್ಲವಾದರೆ ಮತ್ತೊಂದು ಸ್ಕ್ಯಾನ್ ಮಾಡಿಸಲೇಬೇಕು.

ಪಕ್ಕೆ ಸೀಳುವ ಕಾಲದಿಂದ ಇಲ್ಲಿಯವರೆಗೆ

ಮೂತ್ರಕೋಶದ ಕಲ್ಲನ್ನು ಕತ್ತರಿಸಿ ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆಯೇ ವಿವರಿಸಿದೆ. ಕಿಡ್ನಿಯ ಕಲ್ಲಿನ ಕಥೆ ಬೇರೆ. ಕಿಡ್ನಿ ಬೆನ್ನಿನ ಕಡೆ, ಪಕ್ಕೆಲುಬಿನ ಮರೆಯಲ್ಲಿ, ಆಳದಲ್ಲಿದೆ. ಅಲ್ಲಿಗೆ ಹೋಗಬೇಕೆಂದರೆ ಪಕ್ಕೆಯನ್ನು ಉದ್ದಕ್ಕೆ ಸೀಳಿ, ಮೂರು ಪದರ ಮಾಂಸಖಂಡ ಕತ್ತರಿಸಿ, ಕೆಲವು ಸಲ ಕೊನೆಯ ಪಕ್ಕೆಲುಬಿನ ತುಂಡನ್ನೂ ತೆಗೆಯಬೇಕಾಗುತ್ತಿತ್ತು. ಹಳ್ಳಿಯ ಹಿರಿಯರಲ್ಲಿ ಬೆನ್ನಿನಿಂದ ಹೊಟ್ಟೆಯವರೆಗೆ ಹಾದು ಬಂದ ಆ ಹಳೆಯ ಗೆರೆ ಇನ್ನೂ ಕಾಣಸಿಗುತ್ತದೆ. ಹಾಸಿಗೆ ಬಿಟ್ಟು ಕಬ್ಬಿನ ಗದ್ದೆಗೆ ಇಳಿಯಲು ತಿಂಗಳುಗಳೇ ಬೇಕಾಗುತ್ತಿತ್ತು. ಕಲ್ಲು ಮತ್ತೆ ಬಂದರೆ ಅದೇ ಜಾಗದಲ್ಲಿ ಎರಡನೇ ಸಲ ಸೀಳುವುದು ಮೊದಲಿಗಿಂತ ಕಷ್ಟ.

ಇದು ಬದಲಾದದ್ದು ನಾಲ್ಕೇ ವರ್ಷದ ಅಂತರದಲ್ಲಿ, ಎರಡು ದೇಶಗಳಲ್ಲಿ. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ ಬೆನ್ನಿನಿಂದ ಕಿಡ್ನಿಗೆ ಸಣ್ಣ ರಂಧ್ರ ಮಾಡಿ ಅದರ ಮೂಲಕ ಕಲ್ಲು ತೆಗೆದದ್ದನ್ನು ಪ್ರಕಟಿಸಿದರು. 1980ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತವರ ತಂಡ ಮೈಯನ್ನು ಮುಟ್ಟದೆಯೇ ಹೊರಗಿನಿಂದ ಆಘಾತ ತರಂಗ ಬಿಟ್ಟು ಕಲ್ಲು ಒಡೆದರು. ಆ ಯಂತ್ರ ಮಾಡಿದ್ದು ಡಾರ್ನಿಯರ್ ಅನ್ನುವ ವಿಮಾನ ಕಂಪನಿ. ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದಾಗ ಲೋಹದಲ್ಲಿ ಏನಾಗುತ್ತದೆ ಅಂತ ಹುಡುಕುತ್ತಿದ್ದವರಿಗೆ ಆ ತರಂಗಗಳ ಶಕ್ತಿ ತಿಳಿದಿತ್ತು. ಮೊದಲ ರೋಗಿಗಳನ್ನು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿಸಿ ಚಿಕಿತ್ಸೆ ಕೊಟ್ಟಿದ್ದರು.

ಈಗ ತೊಟ್ಟಿ ಇಲ್ಲ. ಮೇಜಿನ ಮೇಲೆ ಮಲಗಿಸಿ, ಬೆನ್ನಿಗೆ ಜೆಲ್ ಹಚ್ಚಿ, ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್‌ನಲ್ಲಿ ಕಲ್ಲಿಗೆ ಗುರಿಯಿಟ್ಟು, ನಿಮಿಷಕ್ಕೆ 60ರಿಂದ 90ರಂತೆ ಎರಡು ಮೂರು ಸಾವಿರ ಏಟು ಕೊಡುತ್ತಾರೆ. ಟಕ್ ಟಕ್ ಅಂತ ಸದ್ದು ಬರುತ್ತಿರುತ್ತದೆ. ಮುಕ್ಕಾಲು ಗಂಟೆ, ಒಂದು ಗಂಟೆ. ಅದೇ ದಿನ ಮನೆಗೆ. ಇದರ ಹೆಸರು ಇಎಸ್‌ಡಬ್ಲ್ಯುಎಲ್, ಆಸ್ಪತ್ರೆಯಲ್ಲಿ ಲಿಥೋಟ್ರಿಪ್ಸಿ ಅಂತಲೂ ಅನ್ನುತ್ತಾರೆ.

ಕೇಳಲು ಇದಕ್ಕಿಂತ ಚೆಂದದ ಚಿಕಿತ್ಸೆ ಇಲ್ಲ. ಒಂದು ಕಾಲದಲ್ಲಿ ಬೇರೆ ಎಲ್ಲವನ್ನೂ ಮೂಲೆಗೆ ಸೇರಿಸುತ್ತದೆ ಅಂತಲೂ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಒಡೆಯುವುದು ಯಂತ್ರ, ಹೊರಗೆ ಹಾಕುವುದು ನಮ್ಮ ಮೈ. ಗಟ್ಟಿ ಕಲ್ಲು ಎಷ್ಟೋ ಸಲ ಒಡೆಯುವುದೇ ಇಲ್ಲ. ಕೆಳಗಿನ ಕೋಣೆಯ ಪುಡಿ ಸುಲಭವಾಗಿ ಹೊರಬರುವುದಿಲ್ಲ. ದೊಡ್ಡ ಕಲ್ಲು ಒಡೆದರೆ ಚೂರುಗಳು ನಾಳದಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ ನಿಂತು ಮೂತ್ರವನ್ನೇ ತಡೆಯಬಹುದು. ಹಾಗಾಗಿ ಇವತ್ತು ಇದು ಸಣ್ಣ, ಮೆತ್ತನೆಯ, ಒಳ್ಳೆಯ ಜಾಗದಲ್ಲಿರುವ ಕಲ್ಲಿಗೆ ಸರಿಯಾದ ಚಿಕಿತ್ಸೆ. ಗರ್ಭಿಣಿಯರಿಗೆ ಮಾಡುವಂತಿಲ್ಲ. ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಲಾಗದವರಿಗೂ, ಮೂತ್ರದಲ್ಲಿ ಸೋಂಕು ಇರುವವರಿಗೂ ಆಗದು. ನಮ್ಮ ಮೇಲಿನ ರಿಪೋರ್ಟ್‌ನಲ್ಲಿರುವ 1250 ಎಚ್‌ಯು ಕಲ್ಲಿಗೆ ಯಾರಾದರೂ ಇದನ್ನು ಹೇಳಿದರೆ "ಇದು ಒಡೆಯುವ ಗ್ಯಾರಂಟಿ ಎಷ್ಟು ಡಾಕ್ಟ್ರೇ?" ಅಂತ ಧೈರ್ಯವಾಗಿ ಕೇಳಬೇಕು.

ಬೆನ್ನಿನ ತೂತಿನ ದಾರಿ

ಪಿಸಿಎನ್‌ಎಲ್ ಅನ್ನುವುದು ಸ್ವೀಡನ್ನಿನಲ್ಲಿ ಶುರುವಾದ ಅದೇ ದಾರಿ. ಪೂರ್ತಿ ಅರಿವಳಿಕೆ ಅಥವಾ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸಾಮಾನ್ಯವಾಗಿ ಬೋರಲು ಮಲಗಿಸಿ, ಎಕ್ಸ್‌ರೇ ನೋಡುತ್ತಾ ಬೆನ್ನಿನಿಂದ ಕಿಡ್ನಿಯ ಸರಿಯಾದ ಕೋಣೆಗೆ ಸೂಜಿ ಚುಚ್ಚುತ್ತಾರೆ. ಸೂಜಿಯ ಜಾಡಿನಲ್ಲೇ ತಂತಿ, ತಂತಿಯ ಮೇಲೆ ಕೊಳವೆ, ಕೊಳವೆಯೊಳಗೆ ದುರ್ಬೀನು. ಕಲ್ಲನ್ನು ಕಣ್ಣಾರೆ ನೋಡುತ್ತಾ ಒಡೆದು ಚೂರುಗಳನ್ನು ಎಳೆದು ತೆಗೆಯುತ್ತಾರೆ. 20 ಎಂಎಂಗಿಂತ ದೊಡ್ಡ ಕಲ್ಲಿಗೆ, ಕಿಡ್ನಿಯ ಎಲ್ಲ ಕೋಣೆಗಳಿಗೂ ಕೊಂಬೆ ಚಾಚಿ ಬೆಳೆದ ಸ್ಟಾಗ್‌ಹಾರ್ನ್ ಕಲ್ಲಿಗೆ ಇವತ್ತಿಗೂ ಇದೇ ಮೊದಲ ಆಯ್ಕೆ. ಒಂದೇ ಸಲಕ್ಕೆ ಕಿಡ್ನಿಯನ್ನು ಸ್ವಚ್ಛ ಮಾಡುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ.

ಇದರ ಭಯ ರಕ್ತಸ್ರಾವದ್ದು. ಕಿಡ್ನಿಯ ತುಂಬ ರಕ್ತವೇ. ತೂತು ದೊಡ್ಡದಾದಷ್ಟೂ ಅಪಾಯ ಜಾಸ್ತಿ. ಹಳೆಯ ಪಿಸಿಎನ್‌ಎಲ್ ಕೊಳವೆ 8ರಿಂದ 10 ಎಂಎಂ ದಪ್ಪ ಇರುತ್ತಿತ್ತು. ಈಗಿನ ಮಿನಿ ಪಿಸಿಎನ್‌ಎಲ್‌ನಲ್ಲಿ ಅದು 5–6 ಎಂಎಂಗೆ ಇಳಿದಿದೆ. ಇನ್ನೂ ಸಣ್ಣದೂ ಇವೆ. ಸೂಜಿಯಷ್ಟೇ ತೆಳುವಾದ ದಾರಿಯಲ್ಲಿ ಕಲ್ಲು ಒಡೆಯುವ ಮೈಕ್ರೋಪರ್ಕ್ ರೂಪುಗೊಳ್ಳುವಲ್ಲಿ ಗುಜರಾತಿನ ನಡಿಯಾದ್‌ನ ವೈದ್ಯರ ಪಾಲು ದೊಡ್ಡದು. ನಮ್ಮ ದೇಶದ ಮೂತ್ರರೋಗ ತಜ್ಞರು ಈ ವಿಷಯದಲ್ಲಿ ಯಾರ ಹಿಂದೆಯೂ ಇಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ತೂತು ಸಣ್ಣದಾದರೆ ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಹೋಗಬಹುದು. ಆದರೆ ದೊಡ್ಡ ಕಲ್ಲನ್ನು ಸಣ್ಣ ತೂತಿನಲ್ಲಿ ತೆಗೆಯಲು ಸಮಯ ಹೆಚ್ಚು ಹಿಡಿಯುತ್ತದೆ.

ತೂತೇ ಇಲ್ಲದ ದಾರಿ

ಜನ "ಲೇಸರ್ ಆಪರೇಶನ್" ಅನ್ನುವುದು ಬಹುತೇಕ ಇದನ್ನೇ. ಮೂತ್ರ ಬರುವ ದ್ವಾರದಿಂದಲೇ ದುರ್ಬೀನು ಹಾಕಿ, ಮೂತ್ರಕೋಶ ದಾಟಿ, ನಾಳದೊಳಗೆ ಹೋಗುವುದು. ನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ನೇರವಾದ, ಬಾಗದ ದುರ್ಬೀನು ಸಾಕು. ಅದು ಯುಆರ್‌ಎಸ್. ಕಿಡ್ನಿಯೊಳಗಿನ ಕಲ್ಲಿಗಾದರೆ ತುದಿಯನ್ನು ಬೇಕಾದ ಕಡೆ ಬಾಗಿಸಬಹುದಾದ ದುರ್ಬೀನು ಬೇಕು. ಅದು ಆರ್‌ಐಆರ್‌ಎಸ್. ಮೈಮೇಲೆ ಒಂದು ಗೆರೆಯೂ ಬೀಳುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಲಾಗದ ಹೃದಯದ ರೋಗಿಗಳಿಗೂ ಇದೇ ಹೆಚ್ಚು ಸುರಕ್ಷಿತ.

ದುರ್ಬೀನಿನೊಳಗೆ ಕೂದಲಿನಂಥ ಫೈಬರ್ ತೂರಿಸಿ ಲೇಸರ್ ಬಿಡುತ್ತಾರೆ. 1990ರ ದಶಕದಿಂದ ಈ ಕೆಲಸ ಹೋಲ್ಮಿಯಂ ಲೇಸರ್‌ನದು. ಈಚಿನ ವರ್ಷಗಳಲ್ಲಿ ಥೂಲಿಯಂ ಫೈಬರ್ ಲೇಸರ್ ಬಂದಿದೆ. ಇದರ ಶಕ್ತಿಯನ್ನು ನೀರು ಸುಮಾರು ನಾಲ್ಕು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಫೈಬರ್ ಇನ್ನೂ ತೆಳು. ಹೀಗಾಗಿ ಕಲ್ಲನ್ನು ತುಂಡು ಮಾಡುವ ಬದಲು ನುಣ್ಣಗೆ ಪುಡಿ ಮಾಡಲು ಅನುಕೂಲ. ಅಚ್ಚು ಬೆಲ್ಲವನ್ನು ಕುಟ್ಟಿ ಒಡೆಯುವುದಕ್ಕೂ ತುರಿಯುವ ಮಣೆಯಲ್ಲಿ ತುರಿಯುವುದಕ್ಕೂ ಇರುವ ವ್ಯತ್ಯಾಸ ಇದು. ಒಡೆದರೆ ತುಂಡುಗಳನ್ನು ಒಂದೊಂದಾಗಿ ಹಿಡಿದು ತೆಗೆಯಬೇಕು. ಪುಡಿಯಾದರೆ ಮೂತ್ರದಲ್ಲೇ ಹೋಗುತ್ತದೆ, ಅಥವಾ ಹೋಗಬೇಕು. ಅಲ್ಲಲ್ಲಿ ಉಳಿದ ಪುಡಿಯ ಸುತ್ತ ಮತ್ತೆ ಕಲ್ಲು ಬೆಳೆಯುವುದೂ ಉಂಟು.

ಈ ಕೊರತೆಗೆ ಉತ್ತರವಾಗಿ ಬಂದಿರುವ ಹೊಸದು ಹೀರುವ ಕೊಳವೆ. ನಾಳದ ಮೂಲಕ ಕಿಡ್ನಿಯವರೆಗೆ ಹೋಗುವ ಬಾಗುವ ಕೊಳವೆಗೆ ಸಕ್ಷನ್ ಜೋಡಿಸಿ, ಲೇಸರ್ ಪುಡಿ ಮಾಡುತ್ತಿದ್ದಂತೆ ಅದನ್ನು ಹೊರಗೆ ಎಳೆದುಬಿಡುತ್ತಾರೆ. ಇದರಿಂದ ಇನ್ನೊಂದು ಲಾಭವಿದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಆಪರೇಶನ್ ವೇಳೆ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಕಿಡ್ನಿಯೊಳಗೆ ನೀರು ಬಿಡುತ್ತಲೇ ಇರುತ್ತಾರೆ. ಒತ್ತಡ ಮಿತಿ ಮೀರಿದರೆ ಒಳಗಿನ ಸೋಂಕು ರಕ್ತಕ್ಕೆ ನುಗ್ಗುತ್ತದೆ. ಹೀರುವ ಕೊಳವೆ ಆ ಒತ್ತಡವನ್ನು ಇಳಿಸುತ್ತದೆ. ಇಂಥ ಸಲಕರಣೆಗಳಿಂದಾಗಿ, ಮೊದಲು ಪಿಸಿಎನ್‌ಎಲ್‌ಗೆ ಮಾತ್ರ ಅನ್ನುತ್ತಿದ್ದ ಎರಡು ಸೆಂಟಿಮೀಟರ್ ಆಸುಪಾಸಿನ ಕಲ್ಲುಗಳನ್ನೂ ಕೆಲವು ಕಡೆ ಆರ್‌ಐಆರ್‌ಎಸ್‌ನಲ್ಲಿ ತೆಗೆಯುತ್ತಿದ್ದಾರೆ.

ಹಾಗಾದರೆ ನಮ್ಮ 14 ಎಂಎಂ ಕಲ್ಲಿಗೆ ಯಾವುದು? ಕೆಳಗಿನ ಕೋಣೆ, ಗಟ್ಟಿ ಕಲ್ಲು. ಹೊರಗಿನ ತರಂಗ ಬೇಡ. ಮಿನಿ ಪಿಸಿಎನ್‌ಎಲ್ ಅಥವಾ ಆರ್‌ಐಆರ್‌ಎಸ್, ಎರಡೂ ಸರಿ. ಒಂದೇ ಸಲಕ್ಕೆ ಪೂರ್ತಿ ತೆಗೆಸಬೇಕು, ಬೆನ್ನಲ್ಲಿ ಸಣ್ಣ ತೂತಾದರೂ ಪರವಾಗಿಲ್ಲ ಅನ್ನುವವರಿಗೆ ಮೊದಲನೆಯದು. ಗಾಯ ಬೇಡ, ಬೇಕಾದರೆ ಇನ್ನೊಂದು ಸಲ ಬರುತ್ತೇನೆ ಅನ್ನುವವರಿಗೆ ಎರಡನೆಯದು. ಡಾಕ್ಟರ್ ಕೈ ಯಾವುದರಲ್ಲಿ ಪಳಗಿದೆ, ಆ ಆಸ್ಪತ್ರೆಯಲ್ಲಿ ಯಾವ ಸಲಕರಣೆ ಇದೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಯಾರೂ ಮೊದಲೇ ಬಿಡಿಸಿ ಹೇಳದ ವಿಷಯಗಳು

ಕೆಲವರ ಮೂತ್ರನಾಳ ಬಹಳ ಕಿರಿದು. ದುರ್ಬೀನು ಹತ್ತುವುದೇ ಇಲ್ಲ. ಬಲವಂತ ಮಾಡಿದರೆ ನಾಳ ಹರಿಯುತ್ತದೆ. ಆಗ ಒಳ್ಳೆಯ ಡಾಕ್ಟರ್ ಮಾಡುವ ಕೆಲಸ ಅಂದರೆ ಸುಮ್ಮನೆ ಒಂದು ಸ್ಟೆಂಟ್ ಹಾಕಿ, ನಾಳ ಅಗಲವಾಗಲು ಬಿಟ್ಟು, ಒಂದೆರಡು ವಾರದ ನಂತರ ಕರೆಯುವುದು. "ಆಪರೇಶನ್ನೇ ಮಾಡಲಿಲ್ಲ, ಪೈಪ್ ಹಾಕಿ ಕಳಿಸಿಬಿಟ್ಟರು" ಅಂತ ಬೇಜಾರು ಮಾಡಿಕೊಳ್ಳುವವರು ಇದನ್ನು ತಿಳಿದಿರಬೇಕು. ಅದು ಮೋಸವಲ್ಲ, ಎಚ್ಚರಿಕೆ.

ಆ ಪೈಪಿನ ಹೆಸರು ಡಿಜೆ ಸ್ಟೆಂಟ್. ಎರಡೂ ತುದಿ ಸುರುಳಿಯಾಗಿರುವ ಮೆತ್ತನೆಯ ನಳಿಕೆ. ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ. ಆಪರೇಶನ್ ನಂತರ ನಾಳ ಊದಿ ಮುಚ್ಚದಿರಲೆಂದು ಹಾಕುತ್ತಾರೆ. ಇದು ಇರುವಷ್ಟು ದಿನ ಆರಾಮ ಇರುವುದಿಲ್ಲ ಅನ್ನುವುದನ್ನು ಮುಚ್ಚಿಡಬಾರದು. ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ. ಮೂತ್ರ ಮಾಡುವಾಗ ಪಕ್ಕೆಗೆ ಎಳೆದ ಹಾಗೆ ನೋವು. ಓಡಾಡಿದರೆ ಮೂತ್ರ ಕೆಂಪಗೆ ಬರಬಹುದು. ಬೈಕಿನಲ್ಲಿ ಹಳ್ಳಿ ರಸ್ತೆಯಲ್ಲಿ ಹೋಗಿ ಬಂದ ಸಂಜೆ ಕೆಂಪು ಕಂಡು ಹೆದರಿ ಆಸ್ಪತ್ರೆಗೆ ಓಡುವವರಿದ್ದಾರೆ. ನೀರು ಕುಡಿದು ವಿಶ್ರಾಂತಿ ತೆಗೆದುಕೊಂಡರೆ ತಿಳಿಯಾಗುತ್ತದೆ. ಗಡ್ಡೆಗಡ್ಡೆ ರಕ್ತ ಬಂದರೆ, ಮೂತ್ರ ಕಟ್ಟಿದರೆ, ಚಳಿಜ್ವರ ಬಂದರೆ ಮಾತ್ರ ತಕ್ಷಣ ಹೋಗಬೇಕು.

ಸ್ಟೆಂಟನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತೆಗೆಯುತ್ತಾರೆ. ಇಲ್ಲಿಯೇ ದೊಡ್ಡ ಅನಾಹುತ ಆಗುವುದು. ಮೈಗೆ ಒಗ್ಗಿದ ಮೇಲೆ ಪೈಪ್ ಒಳಗಿದೆ ಅನ್ನುವುದೇ ಮರೆತುಹೋಗುತ್ತದೆ. ಭತ್ತದ ನಾಟಿ, ಕಬ್ಬು ಕಡಿಯುವ ಕೆಲಸ, ಮನೆಯಲ್ಲಿ ಮದುವೆ, ಆಮೇಲೆ ಹೋದರಾಯಿತು ಅಂತ ವರ್ಷ ಕಳೆಯುತ್ತದೆ. ತಿಂಗಳುಗಟ್ಟಲೆ ಬಿಟ್ಟ ಸ್ಟೆಂಟಿನ ಮೇಲೆಯೇ ಕಲ್ಲು ಕಟ್ಟುತ್ತದೆ. ಆಗ ಅದನ್ನು ತೆಗೆಯಲು ಮೊದಲಿನದಕ್ಕಿಂತ ದೊಡ್ಡ ಆಪರೇಶನ್ ಬೇಕು. ಕಿಡ್ನಿಯನ್ನೇ ಕಳೆದುಕೊಂಡವರೂ ಇದ್ದಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ಟೆಂಟ್ ಅನ್ನುವ ಪದ ಇದೆಯಾ ನೋಡಿ. ಇದ್ದರೆ ತೆಗೆಸುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ.

ಇನ್ನು ಜ್ವರ. ಕಲ್ಲು ನಾಳ ಕಟ್ಟಿದೆ, ಜೊತೆಗೆ ಚಳಿ ನಡುಕದ ಜ್ವರ ಬಂದಿದೆ ಅಂದರೆ ಅದು ರಾತ್ರಿಯೇ ಹೊರಡಬೇಕಾದ ತುರ್ತು. ಮಂಡ್ಯದ ಮಿಮ್ಸ್‌ಗೋ, ಮೈಸೂರಿನ ದೊಡ್ಡಾಸ್ಪತ್ರೆಗೋ, ಹತ್ತಿರ ಯಾವುದಿದೆಯೋ ಅಲ್ಲಿಗೆ. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರಂತೂ ಇದನ್ನು ಲಘುವಾಗಿ ತೆಗೆದುಕೊಳ್ಳಲೇಬಾರದು. ಆಗ ಡಾಕ್ಟರ್ ಕಲ್ಲನ್ನು ಮುಟ್ಟುವುದಿಲ್ಲ. ಮೊದಲು ಸ್ಟೆಂಟ್ ಹಾಕಿ ಅಥವಾ ಬೆನ್ನಿನಿಂದ ನಳಿಕೆ ಇಟ್ಟು ಕೀವು ಸೇರಿದ ಮೂತ್ರವನ್ನು ಹೊರಗೆ ಬಿಡುತ್ತಾರೆ, ಆಂಟಿಬಯೋಟಿಕ್ ಕೊಡುತ್ತಾರೆ. ಸೋಂಕು ಇಳಿದ ಮೇಲೆ ಕಲ್ಲು. ಆಪರೇಶನ್‌ಗೆ ಮೊದಲು ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿ ಸೋಂಕು ಇದೆಯಾ ಅಂತ ನೋಡುವ ಟೆಸ್ಟ್, ಮಾಡಿಸಿ ಎರಡು ಮೂರು ದಿನ ಕಾಯಿಸುವುದೂ ಇದೇ ಕಾರಣಕ್ಕೆ.

ಖರ್ಚಿನ ವಿಷಯಕ್ಕೆ ಬಂದರೆ, 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ ಸಿಗುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಪತ್ರ ಪಡೆದು ಖಾಸಗಿಗೆ ಹೋಗಬೇಕು. ನೇರವಾಗಿ ಖಾಸಗಿಯಲ್ಲಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ತೊಡಕಾಗುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅಡ್ಮಿಟ್ ಆಗುವ ಮೊದಲೇ ಅವರನ್ನು ಮಾತಾಡಿಸಿ.

ಆಪರೇಶನ್ ಆದ ಮೇಲೆ

ಕಲ್ಲು ತೆಗೆದರೂ ಕಲ್ಲು ಮಾಡುವ ಮೈ ಹಾಗೇ ಇರುತ್ತದೆ. ಐದು ಹತ್ತು ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಬರುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ದಿನವಿಡೀ ಬೆವರುವವರು, ಗಂಟೆಗಟ್ಟಲೆ ಬಸ್ಸು ಓಡಿಸುವವರು, ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ನೀರನ್ನೇ ಕುಡಿಯದೆ ಕೆಲಸಕ್ಕೆ ಹೋಗಿ ಬರುವ ಹೆಣ್ಣುಮಕ್ಕಳು, ಇವರಿಗೆ ಅಪಾಯ ಹೆಚ್ಚು. ಲೆಕ್ಕ ಕುಡಿಯುವ ನೀರಿನದಲ್ಲ, ಹೊರಗೆ ಹೋಗುವ ಮೂತ್ರದ್ದು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಗಬೇಕು. ಬೆವರು ಸುರಿಸುವವರು ಅದಕ್ಕೆ ತಕ್ಕಂತೆ ಜಾಸ್ತಿ ಕುಡಿಯಬೇಕು. ಇಟಲಿಯಲ್ಲಿ ಐದು ವರ್ಷ ನಡೆಸಿದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ನೀರು ಕುಡಿದವರಲ್ಲಿ ಶೇ. 12 ಮಂದಿಗೆ ಮಾತ್ರ ಕಲ್ಲು ಮರಳಿತ್ತು, ಉಳಿದವರಲ್ಲಿ ಶೇ. 27 ಮಂದಿಗೆ. ಊಟದಲ್ಲಿ ಮುಖ್ಯವಾಗಿ ಕಮ್ಮಿ ಮಾಡಬೇಕಾದ್ದು ಉಪ್ಪು. ಹಾಲು, ಮೊಸರು, ರಾಗಿಮುದ್ದೆ ಬಿಡಬೇಕಿಲ್ಲ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದಿಡುತ್ತದೆ, ಬಿಟ್ಟರೆ ಕಲ್ಲು ಹೆಚ್ಚಾಗಬಹುದು.

ಆಪರೇಶನ್ ಆದ ದಿನವೇ ಡಾಕ್ಟರ್ ಹತ್ತಿರ ಕಲ್ಲಿನ ಚೂರು ಕೇಳಿ, ಅದನ್ನು ಲ್ಯಾಬಿಗೆ ಕಳಿಸಿ ಯಾವ ಜಾತಿಯದೆಂದು ನೋಡಿಸಿ. ಹೆಚ್ಚಿನವರು ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ನೆಂಟರಿಗೆ ತೋರಿಸಿ ಸುಮ್ಮನಾಗುತ್ತಾರೆ. ಕ್ಯಾಲ್ಸಿಯಂ ಆಕ್ಸಲೇಟ್ ಬಂದರೆ ಮೇಲಿನ ಪಥ್ಯ, ಜೊತೆಗೆ ಪಾಲಕ್ ಕಮ್ಮಿ. ಸೋಂಕಿನಿಂದಾದ ಕಲ್ಲು ಅಂತ ಬಂದರೆ ಒಂದು ಚೂರೂ ಉಳಿಯದಂತೆ ತೆಗೆಸಬೇಕು, ಸೋಂಕನ್ನು ಬೇರುಸಹಿತ ವಾಸಿ ಮಾಡಬೇಕು. ಯೂರಿಕ್ ಆಸಿಡ್ ಅಂತ ಬಂದರೆ ಅದು ನಿಜಕ್ಕೂ ಒಳ್ಳೆಯ ಸುದ್ದಿ. ಸಕ್ಕರೆ ಕಾಯಿಲೆ, ದಪ್ಪ ಮೈ, ಕೀಲು ಊದಿ ನೋಯುವ ಗೌಟ್ ಇರುವವರಲ್ಲಿ ಇದು ಹೆಚ್ಚು. ಸಿಟಿಯಲ್ಲಿ ಎಚ್‌ಯು ಕಡಿಮೆ ತೋರಿಸುತ್ತದೆ, ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಮೂತ್ರದ ಹುಳಿಯನ್ನು ಇಳಿಸುವ ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧವನ್ನು ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ಆಗಾಗ ಮೂತ್ರದ ಪಿಎಚ್ (ಹುಳಿಯ ಅಳತೆ) ನೋಡಿಕೊಂಡು, ಕೆಲವು ತಿಂಗಳು ಕುಡಿದರೆ ಈ ಜಾತಿಯ ಕಲ್ಲು ಕರಗಿಹೋಗುತ್ತದೆ. ಅಂಥವರಿಗೆ ಎರಡನೇ ಸಲ ಕಲ್ಲು ಬಂದರೂ ಆಪರೇಶನ್ ಟೇಬಲ್ ಹತ್ತಬೇಕಾಗದೇ ಇರಬಹುದು.